ಮಾರಿ ತೋರಿಸದ ಮೈದುನ

ನನ್ನ ಹೆಂಡತಿಯ ತಮ್ಮನಿಗೆ ಈ ಜನ್ಮದಲ್ಲಿ ಹತ್ತಿದ್ದು ಎರಡೇ ವಿದ್ಯೆ. ಒಂದು ಒದ್ದಾಡುವುದು, ಇನ್ನೊಂದು ಒದರಾಡುವುದು. ಮೊದಲನೆಯದನ್ನು ನೀರಿನಲ್ಲಿ ಮಾಡಿದ, ಚಾಂಪಿಯನ್ ಎಂದು ಕಪ್ಪು ಕೊಟ್ಟರು. ಎರಡನೆಯದನ್ನು ರೇಡಿಯೋದಲ್ಲಿ ಮಾಡಿದ, ಪಗಾರ ಕೊಟ್ಟರು! ಇವೇ ಎರಡು ಕೆಲಸಗಳನ್ನು ನಮ್ಮ ಮನೆಯ ಎಮ್ಮೆಯೂ ದಿನಾ ಮಾಡುತ್ತಿತ್ತು. ಅದಕ್ಕೆ ಹಿಂಡಿ ಹಾಕಲೂ ನಾನು ಹಿಂದೆಮುಂದೆ ನೋಡುತ್ತಿದ್ದೆ. ನಿಜಾಮರ ಕಾಲದಲ್ಲಿ ನ್ಯಾಯ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಕೊಡುವುದು ಇದೇ ಉದಾಹರಣೆ.

ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಸೊಕ್ಕು ಬರುತ್ತದೆ, ಇದ್ದದ್ದೇ ಮನೆತುಂಬ ಬಿದ್ದಿದೆ.

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗೆ ಹತ್ತಿಕೊಂಡ ಒಂದು ಹಳ್ಳಿ ನನ್ನ ಮಾವನ ಊರು. ಮಾವನನ್ನು ನಾನು ನೋಡಲಿಲ್ಲ. ನನ್ನ ಹೆಂಡತಿ ಇನ್ನೂ ಲಂಗ ಉಡುವಾಗಲೇ ಅವರು ಹೊಳೆ ದಾಟಲು ಹೋಗಿ ಮುಳುಗಿ ತೀರಿಕೊಂಡಿದ್ದರು. ಅತ್ತೆ ಒಬ್ಬರೇ ಹೊಲ ಮಾಡಿಸಿ ಮಗಳನ್ನೂ ಮಗನನ್ನೂ ದೊಡ್ಡವರನ್ನಾಗಿ ಮಾಡಿದರು. ಅಂಥ ಮನೆಯಲ್ಲಿ ಹುಟ್ಟಿದವನು ಹೊಳೆಯ ಕಡೆ ತಲೆಯಿಟ್ಟು ಮಲಗಲೂ ಬಾರದು, ಅಲ್ಲವೆ? ಈ ಮಹಾರಾಯ ಹೊಳೆಯಲ್ಲೇ ಮಲಗುತ್ತಿದ್ದ! ನೀರಿನ ಮೇಲೆ ಅಂಗಾತ ಬಿದ್ದು ನಿದ್ದೆ ಹೋಗಿ, ಕೆಳಗಿನ ಯಾವುದೋ ಊರಿನಲ್ಲಿ ಎಚ್ಚರಾಗಿ, ಅಲ್ಲಿಂದ ಲಂಗೋಟಿಯಲ್ಲಿ ನಡೆದುಕೊಂಡು ಮನೆಗೆ ಬರುತ್ತಿದ್ದನಂತೆ. ಆ ದಾರಿಯ ಹಳ್ಳಿಗಳಲ್ಲಿ ಇವನನ್ನು ಸಾಧು ಎಂದು ತಿಳಿದು ಕೆಲವರು ಕೈಮುಗಿದದ್ದೂ ಉಂಟು. ಆಶೀರ್ವಾದ ಮಾಡಿಯೇ ಬರುತ್ತಿದ್ದ, ಬಿಡಿ.

ನಾನು ಅವನನ್ನು ಮೊದಲು ನೋಡಿದ್ದು ನನ್ನ ಲಗ್ನದ ದಿನ. ಅವರ ಮನೆತನದಲ್ಲಿ ಹೆಣ್ಣಿನ ತಮ್ಮ ವರನ ಕಾಲಿಗೆ ನೀರು ಹಾಕಬೇಕು. ನಾನು ಜೇವರ್ಗಿಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟ ಮರ್ಯಾದಸ್ಥ ಮನುಷ್ಯ. ಬಾಸಿಂಗ ಕಟ್ಟಿಕೊಂಡು, ಒಂದು ಕಾಲು ಹಲಗೆಯ ಮೇಲೆ ಎತ್ತಿಟ್ಟು ನಿಂತಿದ್ದೇನೆ. ಹೆಣ್ಣಿನ ತಮ್ಮನ ಪತ್ತೆಯಿಲ್ಲ! ಬಿಸಿಲು ಏರಿತು, ಬ್ಯಾಂಡಿನವರು ಬೇಸತ್ತು ಬೀಡಿ ಹಚ್ಚಿದರು, ನನ್ನ ಕಾಲು ಜೋಮು ಹಿಡಿಯಿತು. ಕೊನೆಗೆ ಬಂದ, ಹೊಳೆಯಿಂದ ನೇರವಾಗಿ, ತೊಪ್ಪನೆ ತೊಯ್ದುಕೊಂಡು. ಕ್ಷಮೆ ಕೇಳುವುದು ಬಿಟ್ಟು ನನ್ನ ಕಾಲ ಬುಡದಲ್ಲಿ ಕೂತು ತಲೆ ಬಗ್ಗಿಸಿದ. ಅವನ ಕೂದಲಿಂದ ಇಳಿದ ನೀರಿನಿಂದಲೇ ನನ್ನ ಎರಡೂ ಕಾಲು ತೊಳೆದುಹೋದವು, ತಂಬಿಗೆಯ ನೀರು ಹಾಗೇ ಉಳಿಯಿತು.

ಇಂಥವನು ಚಾಂಪಿಯನ್ ಆದ ಕಥೆ ಕೇಳಿದರೆ ನಿಮಗೆ ಚಾಂಪಿಯನ್ ಎಂಬ ಶಬ್ದದ ಮೇಲಿನ ವಿಶ್ವಾಸವೇ ಹೋಗುತ್ತದೆ. ಮಹಾಪೂರದ ಹೊಳೆಯಲ್ಲಿ ಇವನು ಈಸುವುದನ್ನು ಯಾರೋ ಅಧಿಕಾರಿಗಳು ನೋಡಿ, ಮೆಚ್ಚಿ, ಹೈದರಾಬಾದಿನ ದೊಡ್ಡ ಕೆರೆಯಲ್ಲಿ ನಡೆಯುವ ಸ್ಪರ್ಧೆಗೆ ಕಳಿಸಿದರು. ಅಲ್ಲಿ ನಿಯಮವೇನು? ಕೆರೆಯ ನಡುವೆ ಒಂದು ದೋಣಿ ನಿಲ್ಲಿಸಿರುತ್ತಾರೆ, ಅದನ್ನು ಮುಟ್ಟಿ ತಿರುಗಿ ಬರಬೇಕು. ಇವನು ಹುಟ್ಟಿದ್ದು ಹೊಳೆಯ ಊರಿನಲ್ಲಿ. ಹೊಳೆಗೆ ಇಳಿದವನು ನಡುವಿನಿಂದ ತಿರುಗಿ ಬಂದರೆ ಊರವರು ನಗುವುದಿಲ್ಲವೆ? ದೋಣಿ ದಾಟಿ ಎಲ್ಲರಿಗಿಂತ ಮುಂದೆ ನಡೆದೇಬಿಟ್ಟ. ದೋಣಿಯಲ್ಲಿದ್ದ ಸಾಹೇಬರು ಸೀಟಿ ಊದಿದರು, ಟೊಪ್ಪಿಗೆ ಬೀಸಿದರು. ತನ್ನನ್ನು ಹುರಿದುಂಬಿಸುತ್ತಿದ್ದಾರೆ ಎಂದು ತಿಳಿದು ಇನ್ನೂ ಜೋರಾಗಿ ಕೈ ಬೀಸಿದ. ಇತ್ತ ಇನಾಮು ಹಂಚುವಾಗ ಅತ್ತ ಇವನು ಆಚೆ ದಂಡೆಯಲ್ಲಿ ಅಗಸರನ್ನು ಹಿಡಿದು, ಸಾಹೇಬರೆಲ್ಲ ಎಲ್ಲಿಗೆ ಹೋದರು ಎಂದು ವಿಚಾರಿಸುತ್ತಿದ್ದನಂತೆ.

ಮರುವರ್ಷ ತಿರುಗುವುದನ್ನು ಕಲಿತ, ಗೆದ್ದ. ಅದರಲ್ಲಿ ದೊಡ್ಡಸ್ತಿಕೆ ಏನಿದೆ? ನಮ್ಮ ಎತ್ತು ಗಾಣ ತಿರುಗುವುದನ್ನು ಒಂದೇ ವಾರದಲ್ಲಿ ಕಲಿತಿತ್ತು.

ಬೆಳ್ಳಿಯ ಕಪ್ಪು ಹಿಡಿದುಕೊಂಡು ಊರಿಗೆ ಬಂದ. ಅಂದು ನಾನೂ ನನ್ನ ಹೆಂಡತಿಯೂ ಅಲ್ಲೇ ಇದ್ದೆವು. ಊರ ಅಗಸಿ ಬಾಗಿಲಿನಿಂದ ಮನೆಯವರೆಗೆ ಹಲಗೆ ಬಾರಿಸಿಕೊಂಡು ಬಂದ ಠೀವಿ ನೋಡಬೇಕಿತ್ತು. ಕಪ್ಪನ್ನು ಒಯ್ದು ತಾಯಿಯ ಮುಂದೆ ಇಟ್ಟ. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಮೊರ ಕೆಳಗಿಡಲಿಲ್ಲ.

"ನಿಮ್ಮಪ್ಪನ್ನ ನುಂಗಿದ ನೀರು ನಿನಗ ಕಪ್ಪು ಕೊಡ್ತದೇನು?" ಎಂದರು. "ಇನ್ನೊಮ್ಮಿ ನೀರಿಗಿ ಇಳದಿ ಅಂದ್ರ ನನಗ ನಿನ್ನ ಮಾರಿ ತೋರಸಬ್ಯಾಡ."

ನಮ್ಮ ಕಡೆ ತಾಯಂದಿರು ಈ ಮಾತನ್ನು ದಿನಕ್ಕೊಮ್ಮೆ ಆಡುತ್ತಾರೆ. ಮಾರಿ ತೋರಿಸಬೇಡ ಎನ್ನುತ್ತಾರೆ, ಸಂಜೆ ಅದೇ ಮುಖಕ್ಕೆ ಎಣ್ಣೆ ಹಚ್ಚಿ ಉಣ್ಣಲು ಕರೆಯುತ್ತಾರೆ. ಇದು ಎಲ್ಲ ಮಕ್ಕಳಿಗೂ ಗೊತ್ತು. ಈ ಒಬ್ಬ ಪುಣ್ಯಾತ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಮುಂದಿನ ಸ್ಪರ್ಧೆಗೆ ನೀರಿಗೆ ಇಳಿದ, ಮತ್ತೆ ಗೆದ್ದ, ಮಾರಿ ತೋರಿಸಲು ಬರಲಿಲ್ಲ! ಕಪ್ಪನ್ನು ಮಾತ್ರ ಯಾರದೋ ಕೈಯಲ್ಲಿ ನಮ್ಮ ಮನೆಗೆ ಕಳಿಸಿಕೊಟ್ಟ. ನನ್ನ ಹೆಂಡತಿ ಅದನ್ನು ತೊಗರಿಬೇಳೆ ಅಳೆಯಲು ಇಟ್ಟುಕೊಂಡಳು. ಅಳತೆಗೆ ಒಳ್ಳೆಯದಿತ್ತು, ಸುಳ್ಳು ಹೇಳಬಾರದು.

ಅವನ ದಾರಿ ನೋಡಿ ನೋಡಿ ಅತ್ತೆ ಹಣ್ಣಾದರು. ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂಜರಿಯುವ ಹೆಣ್ಣುಮಗಳು. ಕಡೆಗೆ ನಾವೇ ಬಲವಂತ ಮಾಡಿ ಅವರನ್ನು ಜೇವರ್ಗಿಗೆ ಕರೆತಂದೆವು. ಎರಡು ದಿನ ಇದ್ದು ಹೋಗುತ್ತೇನೆ ಎಂದು ಬಂದವರು, ಪ್ರತಿದಿನವೂ ಅದನ್ನೇ ಹೇಳುತ್ತ ವರ್ಷಗಟ್ಟಲೆ ಉಳಿದರು.

ಚಾಂಪಿಯನ್ನರ ಬದುಕು ಬಹಳ ದಿನದ್ದಲ್ಲ. ಇವನಿಗಿಂತ ಸಣ್ಣವರು ಬಂದರು, ಇವನ ಭುಜ ಉಳುಕಿತು, ಕಪ್ಪು ಬರುವುದು ನಿಂತಿತು. ಆಮೇಲೆ ಏನು ಮಾಡುವುದು? ಗಂಟಲು ಇತ್ತಲ್ಲ! ಹೊಳೆಯ ಈ ದಂಡೆಯಿಂದ ಆ ದಂಡೆಗೆ ಮಾತಾಡಿ ಬೆಳೆದ ಗಂಟಲು. ಆಳಂದದ ಉರುಸಿನ ಕುಸ್ತಿಗಳಲ್ಲಿ ಹಿಂದೆ ಕೂತವರಿಗೆ ಕಣ ಕಾಣಿಸುತ್ತಿರಲಿಲ್ಲ. ಆದ್ದರಿಂದ ತಗಡಿನ ಭೋಂಗಾ ಹಿಡಿದು ಕುಸ್ತಿಯನ್ನು ಕೂಗಿ ಹೇಳುವ ಕೆಲಸಕ್ಕೆ ಇವನನ್ನು ನಿಲ್ಲಿಸಿದರು. ಕುಸ್ತಿಯ ಗಂಧ ಗಾಳಿ ಇವನಿಗಿರಲಿಲ್ಲ. ಬಲ್ಲದ್ದು ನೀರೊಂದೇ. ನಿಂಬರ್ಗಾದ ಪೈಲವಾನನನ್ನು ಎದುರಾಳಿ ಕೆಳಗೆ ಹಾಕಿಕೊಂಡ ಕೂಡಲೇ ಇವನು ಭೋಂಗಾದಲ್ಲಿ, "ಮುಳಗಿದ, ನಿಂಬರ್ಗಾದವ ಮುಳಗಿದ, ತಳಾ ಕಂಡ, ಇನ್ನ ಮ್ಯಾಲ ಬರಂಗಿಲ್ಲ" ಎಂದು ಕೂಗಿದ. ಹಿಂದೆ ನಿಂತಿದ್ದ ಆ ಹುಡುಗನ ಸೋದರತ್ತೆ ಎದೆ ಬಡಿದುಕೊಂಡು ಅಳತೊಡಗಿದಳು. ಅವಳ ಗಂಡ ಹಗ್ಗ ತರಲು ಓಡಿದ. ಹುಡುಗ ಗೆದ್ದು ಹೊರಗೆ ಬಂದಾಗ ಅವನ ಬಂಧುಗಳಲ್ಲಿ ಅರ್ಧ ಜನ ಊರ ಬಾವಿಯಲ್ಲಿ ಇಣುಕುತ್ತಿದ್ದರು.

ಇಷ್ಟಾದ ಮೇಲೆ ಯಾವ ಶಾಣ್ಯಾ ಮನುಷ್ಯ ಇವನ ಕೈಗೆ ಇನ್ನೊಮ್ಮೆ ಭೋಂಗಾ ಕೊಟ್ಟಾನು? ಆದರೆ ಅಂದಿನ ಕುಸ್ತಿಗೆ ಹೈದರಾಬಾದಿನ ರೇಡಿಯೋದ ಒಬ್ಬ ಸಾಹೇಬ ಬಂದಿದ್ದ. ಕಣ ಕಾಣದಿದ್ದ ಜನ ಅತ್ತದ್ದನ್ನು ಅವನು ನೋಡಿದ. ಇಂಥವನೇ ಬೇಕು ಎಂದು ಕರೆದುಕೊಂಡು ಹೋದ.

ಇದು ನನಗೆ ಗೊತ್ತಾದದ್ದು ಹೇಗೆಂದರೆ, ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಸೂಟು ಹಾಕಿದ ಒಬ್ಬ ಮನುಷ್ಯ ಬಂದು ನಿಂತ. ಮೋರೆಗೆ ಟವೆಲು ಸುತ್ತಿಕೊಂಡಿದ್ದ, ಕಣ್ಣಷ್ಟೇ ಹೊರಗೆ. ದರೋಡೆಕೋರ ಎಂದು ತಿಳಿದು ನಾನು ತೂಕದ ಕಲ್ಲು ಕೈಗೆ ತೆಗೆದುಕೊಂಡೆ. ಟವೆಲಿನ ಒಳಗಿಂದ "ನಾನ್ರೀ ಭಾವ" ಎಂದಿತು ದನಿ. ಮನೆ ಅಲ್ಲೇ ಹಿಂದೆ, ಹತ್ತು ಹೆಜ್ಜೆ, ಅವರವ್ವ ಒಳಗೇ ಇದ್ದಾರೆ. ಹೋಗೋ ಕತ್ತೆ, ಮಾತಾಡಿಸು ಎಂದೆ. ಟವೆಲು ಅಡ್ಡಡ್ಡ ಅಲ್ಲಾಡಿತು.

"ಅವ್ವ ಮಾರಿ ತೋರಸಬ್ಯಾಡ ಅಂದಾಳ ಭಾವ. ದನಿ ಕೇಳಸಬ್ಯಾಡ ಅಂದಿಲ್ಲಲ್ಲ. ಈಗ ರೇಡಿಯೋದಾಗ ನೌಕರಿ ಹಿಡದೇನಿ. ಆಟ ನೋಡಿ ಹೇಳೂದು. ನೀವು ಆಕೀನ್ನ ಕೂಡಸಿ ಕೇಳಸ್ರಿ."

ನೋಡಿದಿರಾ ಬುದ್ಧಿವಂತಿಕೆ! ಜನ ಹೊಟ್ಟೆಪಾಡಿಗೆ ನೌಕರಿ ಹುಡುಕುತ್ತಾರೆ, ಇವನು ಮಾರಿ ಕಾಣದ ನೌಕರಿ ಹುಡುಕಿದ್ದ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಟವೆಲನ್ನು ಎಳೆದು ಹಾಕಿ ಕೊರಳು ಹಿಡಿದು ಒಳಗೆ ನೂಕಬೇಕೆಂದು ಎದ್ದೆ. ಏಳುವಷ್ಟರಲ್ಲಿ ಬಸ್ಸು ಹತ್ತಿಬಿಟ್ಟಿದ್ದ.

ನಾನು ಒಳಗೆ ಹೋಗಿ ಅತ್ತೆಗೆ, ನಿಮ್ಮ ಮಗ ಬಂದಿದ್ದ, ಚೆನ್ನಾಗಿದ್ದಾನೆ, ಟವೆಲು ಸುತ್ತಿಕೊಂಡಿದ್ದ, ರೇಡಿಯೋದಲ್ಲಿ ಮಾತಾಡುತ್ತಾನಂತೆ ಎಂದೆ. ಹೇಳುವಾಗಲೇ ಈ ಮಾತು ನನಗೇ ಸುಳ್ಳೆನಿಸಿತು. ಅತ್ತೆ ನನ್ನ ಮುಖವನ್ನೇ ನೋಡಿದರು. ಬಾಗಿಲತನಕ ಬಂದ ಮಗ ತಾಯಿಯನ್ನು ನೋಡದೆ ಹೋಗುವುದುಂಟೆ? ಅಂದಿನಿಂದ ಅವರ ಮನಸ್ಸಿನಲ್ಲಿ ಒಂದು ಮಾತು ನಟ್ಟುಬಿಟ್ಟಿತು. ಮಗನೂ ಅಪ್ಪನ ಹಾಗೆ ನೀರಿನಲ್ಲಿ ಹೋದ, ಹೈದರಾಬಾದಿನ ಕೆರೆಯಲ್ಲಿ ಹೋದ, ಮಗಳು ಅಳಿಯ ಕೂಡಿ ಮುಚ್ಚಿಡುತ್ತಿದ್ದಾರೆ ಎಂದು.

ಜೇವರ್ಗಿಯಲ್ಲಿ ಆಗ ರೇಡಿಯೋ ಇದ್ದದ್ದು ಹತ್ತಿ ವ್ಯಾಪಾರದ ಖಾದರಸಾಬರ ಅಂಗಡಿಯಲ್ಲಿ. ಮಾಳಿಗೆಯ ಮೇಲೆ ಬಿದಿರು ನೆಟ್ಟು ತಂತಿ ಎಳೆದಿದ್ದರು. ಪೆಟ್ಟಿಗೆಗೆ ಕಸೂತಿಯ ಬಟ್ಟೆ ಹೊದಿಸಿದ್ದರು. ಖಾದರಸಾಬರು ಒಳ್ಳೆಯ ಮನುಷ್ಯ, ಆದರೆ ಅವರ ಜೀವ ಬ್ಯಾಟರಿಯಲ್ಲಿತ್ತು. ದನಿ ಜೋರು ಮಾಡಿದರೆ ಬ್ಯಾಟರಿ ಹೆಚ್ಚು ಉಣ್ಣುತ್ತದೆ ಎಂದು, ಕಿವಿಗೊಟ್ಟರಷ್ಟೇ ಕೇಳುವ ಹಾಗೆ ಇಡುತ್ತಿದ್ದರು. ಅತ್ತೆಯನ್ನು ನಾವು ಪುಸಲಾಯಿಸಿ ಅಲ್ಲಿಗೆ ಕರೆದೊಯ್ದೆವು. ಹಾಕಿ ಪಂದ್ಯ ನಡೆದಿತ್ತು. ನಮ್ಮವನ ದನಿ ಬಂತು. ಉರ್ದು! ಅದೂ ನಮ್ಮ ಬಜಾರದ ದಖನಿ ಉರ್ದುವಲ್ಲ, ಅತ್ತರು ಹಚ್ಚಿದ ಉರ್ದು. ಚೆಂಡು ತೇಲಿತು, ಗೋಲಿನವನು ಬುಡುಕ್ಕೆಂದ, ಇಡೀ ತಂಡ ಸುಳಿಗೆ ಸಿಕ್ಕಿತು ಎಂದೆಲ್ಲ ಹೇಳುತ್ತಿದ್ದ. ಮೈದಾನದಲ್ಲಿ ಪ್ರಳಯವಾಗಿದೆಯೋ ಏನೋ ಎಂದು ಖಾದರಸಾಬರೇ ಗಾಬರಿಯಾದರು. ನನ್ನ ಹೆಂಡತಿ ತಾಯಿಯ ಮೊಣಕೈ ಹಿಡಿದು, ಕೇಳವ್ವ, ತಮ್ಮನ ದನಿ ಎಂದು ಅಲುಗಿಸಿದಳು.

ಅತ್ತೆ ಬಹಳ ಹೊತ್ತು ಕೇಳಿದರು. ಆಮೇಲೆ, "ಇವ ಯಾವನೋ ಸಾಹೇಬರ ಮಗ. ಛಂದ ಮಾತಾಡ್ತಾನ. ಹಡದಾಕಿ ಪುಣ್ಯವಂತಿ" ಎಂದು ಎದ್ದು ಮನೆಗೆ ನಡೆದರು.

ಮತ್ತೆ ಮತ್ತೆ ಕರೆದೊಯ್ದೆವು. ಪ್ರತಿ ಸಲವೂ ಅಷ್ಟೇ. ಬರಬರುತ್ತ ಅವರು ಪೆಟ್ಟಿಗೆಗೆ ಬೆನ್ನು ಮಾಡಿ ಕೂಡತೊಡಗಿದರು. ನಾವು ಬಲವಂತ ಮಾಡಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಕಡೆಗೆ ಮಹಾನವಮಿಗೆ ಮುಂಚಿನ ಅಮಾವಾಸ್ಯೆ ಹತ್ತಿರ ಬಂತು. ಅಂದು ನಾವು ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರ ಹೆಸರಿನಲ್ಲಿ ಬಟ್ಟೆ ಇಟ್ಟು, ಅವರಿಗೆ ಸೇರುತ್ತಿದ್ದ ಅಡಿಗೆ ಬಡಿಸುತ್ತೇವೆ. ಅತ್ತೆ ಗಂಡನಿಗೆಂದು ಒಂದು ಧೋತರ ತರಿಸುವುದು ರೂಢಿ. ಆ ವರ್ಷ ಎರಡು ತರಲು ಹೇಳಿದರು.

ನನ್ನ ಹೆಂಡತಿ ತಾಯಿಯ ಕಾಲು ಹಿಡಿದಳು. ಬದುಕಿದ್ದವನಿಗೆ ಎಡೆ ಇಟ್ಟರೆ ಅವನ ಆಯುಷ್ಯ ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅತ್ತೆ ಅವಳ ತಲೆ ಸವರಿದರು.

"ನೀರಾಗ ಹೋದವರಿಗಿ ಯಾರೂ ಅನ್ನ ಇಡಲಿಲ್ಲಂದ್ರ ಅವರು ನೀರಾಗೇ ತಿರಗ್ತಾರವ್ವ. ನನಗ ಸಮಾಧಾನ ಹೇಳಬ್ಯಾಡ. ಅವಗ ಉಣ್ಣಾಕ ಇಡಾಕ ಬಿಡು."

ಅಂದೇ ನಾನು ಹೈದರಾಬಾದಿಗೆ ಹೊರಟೆ. ಬೇಳೆಕಾಳಿನ ಸುಗ್ಗಿ ಬಿಟ್ಟು, ಅಂಗಡಿಗೆ ಕೀಲಿ ಹಾಕಿ ಹೋದೆ, ಈ ದಂಡಪಿಂಡದ ಸಲುವಾಗಿ! ರೇಡಿಯೋ ಬಂಗಲೆಯ ಮುಂದೆ ಅವನು ಟೈ ಕಟ್ಟಿಕೊಂಡು ಸಿಗರೇಟು ಸೇದುತ್ತ ನಿಂತಿದ್ದ. ಅಮಾವಾಸ್ಯೆಗೆ ನಿನಗೆ ಎಡೆ ಇಡುತ್ತಾರೆ, ಏನೇನು ಬೇಕು ಹೇಳು, ಮಾಡಿಸುತ್ತೇನೆ ಎಂದೆ. ಮೊದಲು ನಕ್ಕ. ಆಮೇಲೆ ಸಿಗರೇಟು ಕೈಯಲ್ಲೇ ಉರಿಯಿತು. ಈಗಲೇ ನಡೆ ಎಂದು ತೋಳು ಹಿಡಿದೆ.

"ದಿನಾ ಮುಂಜಾನಿ ಇನ್ನೂ ಕೆರಿಗಿ ಇಳೀತೇನಿ ಭಾವ" ಎಂದ. "ಬಿಡಾಕ ಆಗವಲ್ದು. ನೀರು ಬಿಟ್ಟೇನಿ ಅಂತ ಆಕೀ ಮುಂದ ಸುಳ್ಳ ಹ್ಯಾಂಗ ಹೇಳ್ಲಿ?"

ಸುಳ್ಳು ಹೇಳಲು ಬರದ ಹರಿಶ್ಚಂದ್ರ! ಹಾಗಾದರೆ ರೇಡಿಯೋದಲ್ಲಿ ಕನ್ನಡದಲ್ಲಿ ಒಂದು ಮಾತಾಡು, ಅವ್ವಾ ಅನ್ನು, ಸಾಕು ಎಂದೆ. ಅದಕ್ಕೂ ಅಪ್ಪಣೆ ಇಲ್ಲವಂತೆ. ಮೈಕಿನ ಮುಂದೆ ಮನೆಯ ಮಾತಾಡಿದವನಿಗೆ ಅಂದೇ ಮನೆಯ ದಾರಿ ಎಂದು ದೊಡ್ಡ ಸಾಹೇಬರ ಹುಕುಂ. ಅಮಾವಾಸ್ಯೆಯ ಹಿಂದಿನ ದಿನ ಅದೇ ಕೆರೆಯಲ್ಲಿ ಈಸುವ ಸ್ಪರ್ಧೆ ಇತ್ತು, ಅದನ್ನು ಹೇಳುವವನು ಇವನೇ. ಇಷ್ಟು ವರ್ಷ ಕುಸ್ತಿ, ಹಾಕಿ ಎಂದು ತಡಕಾಡಿದವನಿಗೆ ಮೊದಲ ಸಲ ತನ್ನ ಆಟ ಸಿಕ್ಕಿತ್ತು. ಅದನ್ನು ಬಿಟ್ಟು ಬರಲಾರೆ ಎಂದ. ನಾನು ಅಲ್ಲಿಯೇ ಬೀದಿಯಲ್ಲಿ, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹೆತ್ತವಳಿಗಿಂತ ನಿನಗೆ ಪಗಾರ ದೊಡ್ಡದಾಯಿತೇನೋ, ನಾಳೆಯಿಂದ ನೀನು ನನ್ನ ಪಾಲಿಗೂ ಸತ್ತೆ ಎಂದು ಹೇಳಿ ತಿರುಗಿ ನೋಡದೆ ಬಂದುಬಿಟ್ಟೆ. ಆ ಮಾತಿಗೆ ನಾನು ಇವತ್ತೂ ಮರುಗುವುದಿಲ್ಲ, ಅವನಿಗೆ ಅದು ಬೇಕಾಗಿತ್ತು.

ಸ್ಪರ್ಧೆಯ ದಿನ ನಾನು ಖಾದರಸಾಬರಲ್ಲಿಗೆ ಹೋಗುವವನಲ್ಲ. ಹೆಂಡತಿ ಬಿಡಲಿಲ್ಲ. ಇದೊಂದು ಸಲ ನಡಿಯವ್ವ, ಮತ್ತೆ ಕರೆಯುವುದಿಲ್ಲ ಎಂದು ಅತ್ತೆಯನ್ನೂ ಹೊರಡಿಸಿದಳು. ಅತ್ತೆ ಕಟ್ಟೆಯ ಮೇಲೆ ಎಂದಿನಂತೆ ಪೆಟ್ಟಿಗೆಗೆ ಬೆನ್ನು ಮಾಡಿ ಕೂತರು. ಮನೆಯಲ್ಲಿ ನಾಳೆಯ ಅಡಿಗೆಗೆ ಬೇಳೆ ನೆನೆಹಾಕಿ ಬಂದಿದ್ದರು.

ಒಪ್ಪಿಕೊಳ್ಳಲೇಬೇಕು, ಅಂದು ಆ ಕತ್ತೆ ಚೆನ್ನಾಗಿ ಮಾತಾಡಿದ. ಈಸುವವರು ನೀರಿಗೆ ಧುಮುಕಿದ್ದು, ಭುಜ ತಿರುವಿದ್ದು, ಉಸಿರಿಗೆ ಬಾಯಿ ತೆರೆದದ್ದು, ಎಲ್ಲವೂ ನಮಗೆ ಅಲ್ಲೇ ಕಂಡಂತಾಯಿತು. ಉರ್ದು ಬಾರದವರೂ ತಲೆದೂಗಿದರು. ಮೊದಲನೆಯವನು ದಂಡೆಗೆ ಬಂದ, ಇನ್ನು ನಾಲ್ಕು ಕೈ, ಇನ್ನು ಎರಡು ಕೈ ಎನ್ನುತ್ತಿದ್ದಂತೆ ಅವನ ದನಿ ಒಮ್ಮೆಲೇ ನಿಂತಿತು. ಬ್ಯಾಟರಿ ಮುಗಿಯಿತೇನೋ ಎಂದು ಖಾದರಸಾಬರು ಕೈ ಚಾಚಿದರು. ಅಷ್ಟರಲ್ಲಿ ಪೆಟ್ಟಿಗೆ ಒಡೆದುಹೋಗುವ ಹಾಗೆ ಒಂದು ಕೂಗು ಬಂತು.

"ದಂಡಿ ಹತ್ತಿದೆ ಅವ್ವಾ... ದಂಡಿ ಹತ್ತಿದೆ!"

ನನಗೆ ಏನೂ ತಿಳಿಯಲಿಲ್ಲ. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಹೇಳಿದಳು. ಅವರ ಹೊಳೆಯ ಊರಿನಲ್ಲಿ ಯಾರೇ ಈಸಿಕೊಂಡು ದಾಟಿದರೂ, ಆಚೆ ದಂಡೆಗೆ ಕಾಲಿಟ್ಟ ಕೂಡಲೇ ಈಚೆ ಕಾಯುತ್ತ ನಿಂತವರಿಗೆ ಹಾಗೆ ಕೂಗಿ ತಿಳಿಸಬೇಕಂತೆ. ಆ ಕೂಗು ಕೇಳುವತನಕ ಈಚೆಯವರು ಮನೆಯ ಕಡೆ ತಿರುಗುವಂತಿಲ್ಲ. ಅವರಪ್ಪ ಹೋದ ದಿನ ಅತ್ತೆ ಹೊತ್ತು ಮುಳುಗುವತನಕ ದಂಡೆಯಲ್ಲಿ ನಿಂತಿದ್ದರಂತೆ, ಕೂಗು ಬರಲೇ ಇಲ್ಲವಂತೆ.

ಪೆಟ್ಟಿಗೆಯಲ್ಲಿ ಗುಜುಗುಜು ಆಯಿತು. ಯಾರೋ ಅವನನ್ನು ಎಳೆದಂತಿತ್ತು. ಬೇರೆ ದನಿಯೊಂದು ಬಂದು ನಯವಾದ ಉರ್ದುವಿನಲ್ಲಿ ಕ್ಷಮೆ ಕೇಳತೊಡಗಿತು. ಅವನ ನೌಕರಿ ಹೋದದ್ದು ಆ ಗಳಿಗೆಯಲ್ಲೇ.

ಅತ್ತೆ ಕೂತಲ್ಲೇ ತಿರುಗಿದ್ದರು. ಕಟ್ಟೆಯಿಂದ ಇಳಿದು, ಒಬ್ಬರ ಆಸರೆಯೂ ಇಲ್ಲದೆ ನಡೆದು, ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿದರು. ಅವರ ದನಿಯಲ್ಲಿ ಅಳು ಇರಲಿಲ್ಲ, ದಿನಾ ಮನೆಯಲ್ಲಿ ಮಾತಾಡುವ ಹಾಗೆಯೇ ಇತ್ತು.

"ತಲಿ ಒರಸ್ಕೋ ಮಗನ, ನೆಗಡಿ ಆಗ್ತದ" ಎಂದರು. ಪೆಟ್ಟಿಗೆಯ ಮೇಲಿನ ಕಸೂತಿಯ ಬಟ್ಟೆ ಸರಿಸಿ, ಸೆರಗಿನ ತುದಿಯಿಂದ ಅದರ ನೆತ್ತಿಯನ್ನು ಮೆಲ್ಲಗೆ ಒರಸತೊಡಗಿದರು.